ನರ್ಸೂ ಅಲ್ಲ, ಆಯಾನೂ ಅಲ್ಲ: ನನ್ನ ಸಂಬಳದ ಪಾಡು

ನಮ್ಮ ಕೆಲಸದಲ್ಲಿ ಸಂಬಳದ ಮಾತೆತ್ತಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಒಂದು ಸಲವೂ ತಪ್ಪಿಲ್ಲ.

ನಮ್ಮದು ಕುಶಾಲನಗರದ ಹತ್ತಿರ, ಮಾವನವರ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆ. ನಾನು ನಲವತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್. ರೋಗಿಗಳ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಜ್ವರ, ಬಿ.ಪಿ. ನೋಡಿ ಬರೆದಿಡುವುದು, ಬೆಡ್‌ಪ್ಯಾನ್ ಕೊಡುವುದು, ತೆಗೆಯುವುದು, ಇಷ್ಟು ನನ್ನ ಕೆಲಸ. ಯೂನಿಫಾರ್ಮ್ ನೋಡಿದವರು ಸಿಸ್ಟರ್ ಅನ್ನುತ್ತಾರೆ, ಸಂಬಳದ ಚೀಟಿ ನೋಡಿದವರು ಆಯಾ ಅನ್ನಬೇಕು. ಜೊತೆಗೆ ನಾನು ಹುಟ್ಟಾ ಪುಕ್ಕಲಿ. ಮ್ಯಾನೇಜರ್ ಕರೆಯುತ್ತಾರೆ ಎಂದರೆ ಸಾಕು, ಏನು ತಪ್ಪು ಮಾಡಿದೆ ಎಂದು ಹುಡುಕಲು ಶುರು ಮಾಡುತ್ತೇನೆ. ಸಿಗದಿದ್ದರೆ ಇನ್ನೂ ಭಯ, ಯಾಕೆಂದರೆ ಗೊತ್ತಿಲ್ಲದ ಹಾಗೆ ಮಾಡಿದ್ದೇನೆ ಎಂದಾಯಿತಲ್ಲ.

ಅತ್ತೆಯ ಸರ್ಟಿಫಿಕೇಟು

ಕೆಲಸಕ್ಕೆ ಸೇರಲು ಹೋದಾಗ ನನ್ನ ಕೈಯಲ್ಲಿ ಒಂದು ವರ್ಷದ ಕೋರ್ಸಿನ ಸರ್ಟಿಫಿಕೇಟ್ ಇತ್ತು. ಮ್ಯಾನೇಜರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಸರಿ. ಅನುಭವ ಇದ್ಯಾ? ಹೊಸಬರಿಗೆ ಆರೂವರೆ ಸಾವಿರ, ಎರಡು ವರ್ಷ ಅನುಭವ ಇದ್ದೋರಿಗೆ ಎಂಟು."

"ಅನುಭವ ಇದೆ ಸಾರ್. ನಮ್ಮ ಅತ್ತೆ ಸೊಂಟ ಮುರ್ಕೊಂಡು ಎರಡು ವರ್ಷ ಹಾಸಿಗೇಲಿದ್ರು. ನಾನೇ ನೋಡ್ಕೊಂಡೆ."

"ಅದಕ್ಕೆ ಲೆಟರ್ ಬೇಕಲ್ಲಮ್ಮ."

ಅವರು ತಮಾಷೆಗೆ ಹೇಳಿದ್ದು ಎಂದು ಈಗ ಅನ್ನಿಸುತ್ತದೆ. ನಾನು ಆಗ ನಿಜವೆಂದೇ ತಿಳಿದೆ. ಮನೆಗೆ ಬಂದು, ಅಷ್ಟು ಹೊತ್ತಿಗೆ ವಾಕರ್ ಹಿಡಿದು ಓಡಾಡುತ್ತಿದ್ದ ಅತ್ತೆಯ ಮುಂದೆ ನಿಂತು ವಿಷಯ ಹೇಳಿದೆ. ಅತ್ತೆ ಏಳನೇ ಕ್ಲಾಸು ಓದಿದವರು, ಅಕ್ಷರ ಮುತ್ತಿನಂತೆ. ಒಂದು ಹಾಳೆ ತರಿಸಿ ಬರೆದು, ಮಡಿಸಿ, ಅನ್ನ ಹಚ್ಚಿ ಅಂಟಿಸಿ ಕೊಟ್ಟರು. ಒಡೆದು ಓದಲು ನನಗೆ ಧೈರ್ಯವಾಗಲಿಲ್ಲ.

ಮ್ಯಾನೇಜರ್ ಮಾರನೆಯ ದಿನ ಅದನ್ನು ಗಟ್ಟಿಯಾಗಿಯೇ ಓದಿದರು. "ನಮಸ್ಕಾರ. ಇವಳು ನನ್ನ ಸೊಸೆ. ಎರಡು ವರ್ಷ ನನ್ನನ್ನು ನೋಡಿಕೊಂಡಿದ್ದಾಳೆ. ಬೆನ್ನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುತ್ತಾಳೆ. ಸಾರಿಗೆ ಉಪ್ಪು ಹಾಕುವುದಿಲ್ಲ, ಕೇಳಿದರೆ ಡಾಕ್ಟರ್ ಹೇಳಿದ್ದಾರೆ ಎನ್ನುತ್ತಾಳೆ. ನನಗೆ ನಂಬಿಕೆ ಇಲ್ಲ. ಒಮ್ಮೊಮ್ಮೆ ಎದುರು ಮಾತಾಡುತ್ತಾಳೆ. ಸಂಬಳ ಒಮ್ಮೆಲೇ ಜಾಸ್ತಿ ಕೊಡಬೇಡಿ."

ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಪಕ್ಕದಲ್ಲಿ ನಿಂತಿದ್ದ ವಾರ್ಡಿನ ಹೆಡ್ ಸಿಸ್ಟರ್ ಆ ಕಾಗದ ಇಸಿದುಕೊಂಡರು. ಕೇರಳದವರು, ಇಪ್ಪತ್ತು ವರ್ಷದಿಂದ ಕೊಡಗಿನಲ್ಲೇ ಇದ್ದವರು. "ಎರಡು ವರ್ಷ ಮಲಗಿದ್ದವರಿಗೆ ಒಂದೂ ಹುಣ್ಣು ಇಲ್ಲವಾ? ಸಾರ್, ಇವಳಿಗೆ ಎಂಟು ಕೊಡಿ," ಎಂದರು.

ಮ್ಯಾನೇಜರ್ ಏಳು ಸಾವಿರದ ಎಂಟುನೂರು ಎಂದು ಬರೆದರು. "ದೊಡ್ಡವರ ಮಾತಿಗೂ ಒಂದು ಇನ್ನೂರು ರೂಪಾಯಿ ಬೆಲೆ ಇರ್ಲಿ," ಎಂದರು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ಇನ್ನೂರು ಕಮ್ಮಿಯಾದದ್ದು ಅವರ ಕಾಗದದಿಂದಲೇ ಎಂದು ಹೇಳಿದೆ. ಅವರು ವಾಕರ್ ಪಕ್ಕಕ್ಕಿಟ್ಟು ಕೂತು, "ಉಪ್ಪಿನ ವಿಷ್ಯ ಬರೀಬಾರದಿತ್ತು ಕಣೆ," ಎಂದರು.

ವೀಲ್‌ಚೇರಿನ ನಲವತ್ತು ರೂಪಾಯಿ

ಮೊದಲ ತಿಂಗಳು ಕೈಗೆ ಬಂದದ್ದು ಏಳು ಸಾವಿರಕ್ಕೂ ಕಮ್ಮಿ. ಯಾರೋ ಜೇಬಿಗೆ ಕೈ ಹಾಕಿದ ಹಾಗೆ ಆಯಿತು. ಅಕೌಂಟ್ಸ್‌ನವರು ಪಿ.ಎಫ್. ಇಷ್ಟು, ಇ.ಎಸ್.ಐ. ಇಷ್ಟು, ಯೂನಿಫಾರ್ಮ್ ಇಷ್ಟು ಎಂದು ಬಿಡಿಸಿ ಹೇಳಿದರು. "ಇ.ಎಸ್.ಐ. ಇದ್ರೆ ನಿಮಗೆ ಹುಷಾರು ತಪ್ಪಿದಾಗ ಚಿಕಿತ್ಸೆ ಫ್ರೀ," ಎಂದರು. ಆಸ್ಪತ್ರೆಯಲ್ಲೇ ಕೆಲಸ, ಚಿಕಿತ್ಸೆಯೂ ಫ್ರೀ, ಹೋದ ದುಡ್ಡು ಹೋಗಲಿ ಎಂದುಕೊಂಡೆ.

ಆರು ತಿಂಗಳಿಗೆ, ಒರೆಸಿದ ನೆಲದ ಮೇಲೆ ಜಾರಿ ಬಿದ್ದೆ. ಕಾಲಿನ ಗೆಣ್ಣು ಊದಿ ಬೂದುಗುಂಬಳ ಆಯಿತು. ಅಕೌಂಟ್ಸ್‌ಗೆ ಇ.ಎಸ್.ಐ. ಕಾರ್ಡು ಕಳಿಸಿದರೆ, "ಆ ಕಾರ್ಡು ನಮ್ಮ ಆಸ್ಪತ್ರೇಲಿ ನಡೆಯಲ್ಲ, ನಾವು ಅವರ ಪಟ್ಟೀಲಿ ಇಲ್ಲ. ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗ್ಬೇಕು," ಎಂದು ವಾಪಸು ಬಂತು. ಅರ್ಧ ದಿನದ ಸಂಬಳ ಹೋಗುತ್ತದಲ್ಲ ಎಂಬ ಚಿಂತೆ ಕಾಲಿಗಿಂತ ಜಾಸ್ತಿ ನೋಯುತ್ತಿತ್ತು.

ನಮ್ಮ ವಾರ್ಡಿನ ಅಟೆಂಡರ್, ನಲವತ್ತರ ಹತ್ತಿರದ ಮನುಷ್ಯ, ನನ್ನನ್ನು ವೀಲ್‌ಚೇರಿನಲ್ಲಿ ಕೂರಿಸಿ ಆಟೋ ನಿಲ್ಲುವ ಗೇಟಿನ ತನಕ ತಳ್ಳಿಕೊಂಡು ಬಂದರು. ಗೇಟಿನಲ್ಲಿದ್ದ ಸೆಕ್ಯೂರಿಟಿ ಹೊಸಬ. ಕೈ ಅಡ್ಡ ಹಿಡಿದ.

"ಡಿಸ್ಚಾರ್ಜಾ? ಗೇಟ್ ಪಾಸ್ ಕೊಡಿ."

"ನಾನು ಇಲ್ಲೇ ಕೆಲಸ ಮಾಡೋಳು ಕಣಪ್ಪ."

"ವೀಲ್‌ಚೇರಲ್ಲಿ ಹೋಗೋರಿಗೆಲ್ಲ ಗೇಟ್ ಪಾಸ್ ಬೇಕು, ಮೇಡಂ. ರೂಲ್ಸು."

ಮತ್ತೆ ಬಿಲ್ಲಿಂಗ್‌ಗೆ ತಳ್ಳಿಸಿಕೊಂಡು ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ, ಬಿಲ್ಲಿಲ್ಲದೆ ಪಾಸು ಬರುವುದಿಲ್ಲ ಎಂದು, ಕೊನೆಗೆ ಒಂದು ಬಿಲ್ ಕೊಟ್ಟಳು. ವೀಲ್‌ಚೇರ್ ಚಾರ್ಜು, ನಲವತ್ತು ರೂಪಾಯಿ. ಕಣ್ಣಲ್ಲಿ ನೀರು ತುಂಬಿಕೊಂಡು ಪರ್ಸು ತೆಗೆದೆ.

ಹಿಂದೆ ನಿಂತಿದ್ದ ಅಟೆಂಡರ್ ಬಗ್ಗಿ ಬಿಲ್ಲು ಓದಿ ಕಿಟಕಿಯೊಳಗೆ ತಲೆ ಹಾಕಿದರು. "ಅಲ್ಲಮ್ಮ, ಹನ್ನೊಂದು ವರ್ಷದಿಂದ ತಳ್ತಾ ಇದೀನಿ. ಈ ನಲವತ್ತರಲ್ಲಿ ನನಗೆಷ್ಟು?"

ಬಾಳೆಲೆಯ ಸಾಹುಕಾರರು

ಸಂಬಳ ಹನ್ನೊಂದು ಸಾವಿರ ಮುಟ್ಟಿದ್ದ ಕಾಲದಲ್ಲಿ ಬಾಳೆಲೆ ಎಂಬ ಊರಿನ ಎಸ್ಟೇಟ್ ಸಾಹುಕಾರರೊಬ್ಬರು ತೊಡೆ ಮೂಳೆ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿದ್ದರು. ಎಪ್ಪತ್ತೈದು ದಾಟಿದ್ದರೂ ದನಿ ಮಾತ್ರ ತೋಟದ ಆ ತುದಿಗೆ ಕೇಳಿಸುವಂಥದ್ದು. ಒಂದು ದಿನ ಮೈ ಒರೆಸುತ್ತಿದ್ದಾಗ ಕೇಳಿದರು.

"ಎಷ್ಟಮ್ಮ ಸಂಬಳ ನಿಂಗೆ?"

ಇದಕ್ಕೆ ಉತ್ತರ ಹೇಳುವುದು ನನಗೆ ಬಲು ಕಷ್ಟ. ಕಮ್ಮಿ ಹೇಳಿದರೆ ಟಿಪ್ಸಿಗೆ ಕೈ ಚಾಚಿದ ಹಾಗೆ, ಜಾಸ್ತಿ ಹೇಳಿದರೆ ಸುಳ್ಳು. ಮೆಲ್ಲಗೆ ಇದ್ದದ್ದನ್ನೇ ಹೇಳಿದೆ. ಅವರು ತಕ್ಷಣ ಫೋನ್ ತೆಗೆದು ತಮ್ಮ ರೈಟರಿಗೆ ಮಾಡಿದರು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವವನು ಅವನೇ. "ರೈಟರೇ, ಪಿಕ್ಕಿಂಗ್‌ಗೆ ಬಂದ ಹೆಂಗಸರು ಹೋದ ವಾರ ಎಷ್ಟು ತಗೊಂಡು ಹೋದ್ರು?" ಅವನು ಹೇಳಿದ್ದನ್ನು ಕೇಳಿ ಮನಸ್ಸಿನಲ್ಲೇ ತಿಂಗಳಿಗೆ ಲೆಕ್ಕ ಹಾಕಿ, ನನ್ನ ಮುಖ ನೋಡಿದರು.

"ಕಾಫಿ ಹಣ್ಣು ಕೊಯ್ಯೋಳು ನಿನಗಿಂತ ಜಾಸ್ತಿ ದುಡೀತಾಳೆ. ನೀನು ನಮ್ಮಲ್ಲಿಗೆ ಬಾ. ಆಳುಗಳ ಲೈನಲ್ಲಿ ಮನೆ ಕೊಡ್ತೀನಿ. ಕಾಫಿ ಗಿಡ ನಿನ್ನನ್ನ ಬೆಲ್ ಹೊಡೆದು ಕರೆಯಲ್ಲ."

ನಕ್ಕು ಮೈ ಒರೆಸುವುದು ಮುಂದುವರಿಸಿದೆ. ಅವರು ಸುಮ್ಮನಾಗಬೇಕಲ್ಲ. ಮಧ್ಯಾಹ್ನ ಯೋಗಕ್ಷೇಮ ಕೇಳಲು ಬಂದ ಮ್ಯಾನೇಜರಿಗೆ ನನ್ನೆದುರೇ ಅದನ್ನು ಹೇಳಿಬಿಟ್ಟರು. ಇವಳೇ ರೋಗಿಗಳ ಹತ್ತಿರ ಅಳುತ್ತಾಳೆ ಎಂದುಕೊಳ್ಳುತ್ತಾರೆ, ನಾಳೆಯಿಂದ ಬರಬೇಡ ಅನ್ನುತ್ತಾರೆ, ಆಮೇಲೆ ನಿಜವಾಗಿಯೂ ಬುಟ್ಟಿ ಕಟ್ಟಿಕೊಂಡು ಬಾಳೆಲೆಗೇ ಹೋಗಬೇಕು ಎಂದು ಅಷ್ಟು ಹೊತ್ತಿಗೆ ನಾನು ಬಹಳ ದೂರ ಯೋಚಿಸಿ ಆಗಿತ್ತು.

ಮ್ಯಾನೇಜರ್ ಸಿಟ್ಟಾಗಲಿಲ್ಲ. "ಪಿಕ್ಕಿಂಗ್ ವರ್ಷಕ್ಕೆ ಎರಡು ಮೂರು ತಿಂಗಳು, ಸಾರ್. ದೇವರ ದಯೆ, ಕಾಯಿಲೆ ಹನ್ನೆರಡು ತಿಂಗಳೂ ಇರುತ್ತೆ," ಎಂದರು.

ಸಂಜೆ ಹೆಡ್ ಸಿಸ್ಟರ್ ನನ್ನನ್ನು ಡ್ರೆಸ್ಸಿಂಗ್ ರೂಮಿಗೆ ಕರೆದು ಬಾಗಿಲು ಹಾಕಿದರು. ಬೈಗುಳ ಕೇಳಲು ತಲೆ ತಗ್ಗಿಸಿ ನಿಂತೆ. ಅವರು ದನಿ ತಗ್ಗಿಸಿ, "ಆ ಸಾಹುಕಾರರ ಹತ್ತಿರ ಕೇಳು. ಲೈನಲ್ಲಿ ಎರಡು ಮನೆ ಖಾಲಿ ಉಂಟಾ?" ಎಂದರು.

ಪನಿಯುಂಡು

ನಮ್ಮ ವಾರ್ಡಿಗೆ ಬರುವ ರೋಗಿಗಳು ಹತ್ತು ಜನರಾದರೆ ಭಾಷೆ ಆರು. ಹೊರ ರಾಜ್ಯದಿಂದ ಹೊಸ ಡಾಕ್ಟರ್ ಬಂದಾಗ ಯಾರಿಗೆ ಏನು ನೋವು ಎಂದೇ ತಿಳಿಯದೆ ಒದ್ದಾಡಿದರು. ಅದಕ್ಕೆ ಮ್ಯಾನೇಜರ್, ಕನ್ನಡ ಬಿಟ್ಟು ಗೊತ್ತಿರುವ ಪ್ರತಿ ಭಾಷೆಗೆ ತಿಂಗಳಿಗೆ ನೂರೈವತ್ತು ರೂಪಾಯಿ ಎಂದು ನೋಟಿಸ್ ಹಾಕಿದರು. ಸಂಜೆಯೊಳಗೆ ಇಡೀ ಸ್ಟಾಫು ಪಂಡಿತರಾದರು. ನಾನು ತಮಿಳು, ಮಲಯಾಳ ಎರಡು ಮಾತ್ರ ಬರೆದೆ. ಬರೆದ ಮೇಲೆ, ಪರೀಕ್ಷೆ ಮಾಡಿದರೆ ಏನು ಗತಿ ಎಂದು ಎರಡು ದಿನ ಊಟ ಸೇರಲಿಲ್ಲ. ಅಟೆಂಡರ್ ಏಳು ಬರೆದಿದ್ದರು. ಅರೆಭಾಷೆ, ಕೊಡವ, ತುಳು, ಮಲಯಾಳ, ತಮಿಳು, ಉರ್ದು, ಹಿಂದಿ.

ಮ್ಯಾನೇಜರ್ ಪಟ್ಟಿ ನೋಡಿ, "ಅರೆಭಾಷೆ ಅಂದ್ರೆ ಅರ್ಧ ಭಾಷೆ ತಾನೆ? ಅದಕ್ಕೆ ಎಪ್ಪತ್ತೈದು," ಎಂದರು.

ಅದು ಅಟೆಂಡರ್ ಮನೆಮಾತು. ಅವರು ಮುಖ ಗಂಟಿಕ್ಕಿಕೊಂಡು, "ಹಂಗಾದ್ರೆ ನೀವು ಹೇಳೋ ಕೆಲಸವೂ ನಂಗೆ ಅರ್ಧನೇ ಅರ್ಥ ಆಗೋದು ಸಾರ್," ಎಂದರು. ಮ್ಯಾನೇಜರ್ ಪೂರ್ತಿ ನೂರೈವತ್ತು ಬರೆದರು.

ಪರೀಕ್ಷೆ ನಡೆದೇ ಬಿಟ್ಟಿತು, ವಾರ್ಡಿನಲ್ಲೇ. ಮೊದಲು ಅಟೆಂಡರ್, ಅವರ ಹಿಂದೆ ನಾನು. ಡಾಕ್ಟರ್, ಮ್ಯಾನೇಜರ್, ಹೆಡ್ ಸಿಸ್ಟರ್ ಮೂವರೂ ಒಬ್ಬ ಮಲಯಾಳಿ ಅಜ್ಜನ ಮಂಚದ ಬಳಿ ನಿಂತರು. ಅಜ್ಜ ಕಂಬಳಿಯೊಳಗಿಂದ ಸಣ್ಣಗೆ, "ಪನಿಯುಂಡು," ಎಂದ.

"ಏನಂತೆ?" ಎಂದು ಮ್ಯಾನೇಜರ್ ಕೇಳಿದರು.

ಅಟೆಂಡರ್ ಹಿಂದಿಯ ಪಾನಿಯನ್ನೂ ಕನ್ನಡದ ಉಂಡದ್ದನ್ನೂ ಸೇರಿಸಿ, ಒಂದು ಕ್ಷಣವೂ ತಡವರಿಸದೆ, "ಊಟ ಆಯ್ತಂತೆ ಸಾರ್, ನೀರೂ ಕುಡಿದಿದಾರಂತೆ. ಆರಾಮಾಗಿದಾರೆ," ಎಂದರು.

ಹೆಡ್ ಸಿಸ್ಟರ್ ಹಣೆ ಹಣೆ ಚಚ್ಚಿಕೊಂಡರು. ಮಲಯಾಳದಲ್ಲಿ ಪನಿ ಎಂದರೆ ಜ್ವರ, ಉಂಡು ಎಂದರೆ ಇದೆ. ಅಜ್ಜನಿಗೆ ಜ್ವರ ನೂರೆರಡು ಇತ್ತು. ಅಜ್ಜನಿಗೆ ಕೂಡಲೇ ಮಾತ್ರೆ ಸಿಕ್ಕಿತು, ನಮ್ಮ ಭಾಷೆಯ ದುಡ್ಡು ಮಾತ್ರ ಎಲ್ಲರದ್ದೂ ಹೋಯಿತು. ನನ್ನ ಸರದಿ ಬರುವ ಮೊದಲೇ ಮ್ಯಾನೇಜರ್ ಪಟ್ಟಿ ಹರಿದು ಹೇಳಿದರು, "ಇನ್ಮೇಲೆ ಎಲ್ಲರೂ ಥರ್ಮಾಮೀಟರ್ ಭಾಷೇಲೇ ಮಾತಾಡಿ."

ಶನಿವಾರಸಂತೆಗೆ ಹೋದದ್ದು

ಒಂದೇ ಕಡೆ ಇದ್ದರೆ ಸಂಬಳ ಏರುವುದಿಲ್ಲ, ಜಾಗ ಬದಲಾಯಿಸಿದರೇ ಏರುವುದು ಎಂದು ಎಲ್ಲರೂ ಹೇಳುತ್ತಿದ್ದರು. ಆಗ ನನಗೆ ಹನ್ನೆರಡೂವರೆ ಸಾವಿರ. ಶನಿವಾರಸಂತೆಯ ಒಂದು ಕ್ಲಿನಿಕ್ಕಿನಲ್ಲಿ ಜನ ಬೇಕಂತೆ ಎಂದು ತಿಳಿಯಿತು. ನನ್ನ ವಾರದ ರಜೆ ಶನಿವಾರ. ಅಲ್ಲಿ ಸಂತೆಯೂ ಅವತ್ತೇ. ಬಸ್ಸಿನಲ್ಲಿ ಮೆಣಸಿನಕಾಯಿ ಮೂಟೆಗೆ ಒರಗಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಹೋದೆ. ಈಗಿನ ಸಂಬಳ ಕೇಳಿದರೆ ಹದಿನಾಲ್ಕೂವರೆ ಅನ್ನಬೇಕು, ಹದಿನಾಲ್ಕೂವರೆ, ಹದಿನಾಲ್ಕೂವರೆ.

ಅಲ್ಲಿನ ಡಾಕ್ಟರ್ ಮೇಲಿಂದ ಕೆಳಗೆ ನೋಡಿ ಕೇಳಿದರು. "ಈಗ ಎಷ್ಟು ಬರ್ತಾ ಇದೆ?"

ಸುಳ್ಳು ಹೇಳಿದರೆ ನಮ್ಮ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿಯಾರು, ಇಲ್ಲಿಗೆ ಬಂದದ್ದು ಗೊತ್ತಾದರೆ ಇದ್ದ ಕೆಲಸವೂ ಹೋದೀತು ಎನ್ನಿಸಿತು. ಬಾಯಿ ತೆರೆದೆ. "ಹನ್ನೆರಡು ಸಾವಿರ, ಸಾರ್," ಎಂದಿತು ಬಾಯಿ. ಇದ್ದದ್ದಕ್ಕಿಂತ ಐನೂರು ಕಮ್ಮಿ. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

"ಸರಿ, ಐನೂರು ಸೇರಿಸಿ ಕೊಡ್ತೀನಿ," ಎಂದರು ಅವರು ಧಾರಾಳವಾಗಿ. "ಯೋಚನೆ ಮಾಡಿ ಹೇಳಿ."

ಹೀಗೆ ಬಸ್ಸಿಗೆ ದುಡ್ಡು ಕೊಟ್ಟು, ಸಂತೆಯ ನೂಕುನುಗ್ಗಲಲ್ಲಿ ಒಂದು ಚಪ್ಪಲಿ ಕಿತ್ತುಕೊಂಡು, ನನಗೆ ಆಗಲೇ ಬರುತ್ತಿದ್ದ ಸಂಬಳವನ್ನೇ ಗಿಟ್ಟಿಸಿಕೊಂಡು ಮನೆಗೆ ಬಂದೆ.

ಮೈಸೂರಿನ ಏಜೆನ್ಸಿ

ನನ್ನ ಜೀವ ನಿಜವಾಗಿ ಬಾಯಿಗೆ ಬಂದದ್ದು ಹೋದ ವರ್ಷ. ನಮ್ಮನ್ನೆಲ್ಲ ಆಸ್ಪತ್ರೆಗಳಿಗೆ ಕೆಲಸದವರನ್ನು ಒದಗಿಸುವ ಮೈಸೂರಿನ ಒಂದು ಏಜೆನ್ಸಿಗೆ ವಹಿಸುತ್ತಾರೆ ಎಂಬ ಸುದ್ದಿ ಬಂತು. ಏಜೆನ್ಸಿಯವರು ಪರೀಕ್ಷೆ ಮಾಡಿ ಎ, ಬಿ, ಸಿ ಎಂದು ವಿಂಗಡಿಸುತ್ತಾರಂತೆ. ಐ.ಸಿ.ಯು., ಡಯಾಲಿಸಿಸ್ ಗೊತ್ತಿದ್ದವರಿಗೆ ಎ. ವಾರ್ಡಿನ ಕೆಲಸ, ಬಿ.ಪಿ., ಶುಗರ್ ಸರಿಯಾಗಿ ನೋಡಬಲ್ಲವರಿಗೆ ಬಿ, ಹದಿನಾಲ್ಕೂವರೆ ಸಾವಿರ. ಉಳಿದವರು ಸಿ, ಹನ್ನೊಂದು. ನನಗೆ ಆಗ ಬರುತ್ತಿದ್ದದ್ದು ಹದಿಮೂರೂವರೆ. ನಲವತ್ತೈದು ದಾಟಿದವರ ವಿಷಯ ಆಮೇಲೆ ನೋಡೋಣ ಎಂದಿದ್ದರಂತೆ. ನನಗೆ ನಲವತ್ತಾರು. ನಮ್ಮ ಯಜಮಾನರು ಮರದ ಮಿಲ್ಲಿನಲ್ಲಿ ಬೆನ್ನು ಉಳುಕಿಸಿಕೊಂಡು ಮೂರು ತಿಂಗಳಿಂದ ಮನೆಯಲ್ಲಿದ್ದರು. ಮಗಳ ಪಿಯುಸಿ, ಅತ್ತೆಯ ಮಾತ್ರೆ, ಅಕ್ಕಿ, ಬೇಳೆ ಎಲ್ಲಕ್ಕೂ ಇದ್ದದ್ದು ನನ್ನ ಸಂಬಳವೊಂದೇ.

ಪರೀಕ್ಷೆಗೆ ಬಂದ ಅಧಿಕಾರಿ ದಪ್ಪನೆಯ ಆಳು, ಟೈ ಕಟ್ಟಿದ್ದರು, ಮುಖ ಕೆಂಪಗಿತ್ತು. ಫಿಸಿಯೋಥೆರಪಿ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಒಳಗೆ ಕರೆದರು. ನಾವು ಎಂಟು ಜನ ಹೊರಗೆ ಬೆಂಚಿನ ಮೇಲೆ. ನನ್ನದು ನಾಲ್ಕನೆಯ ನಂಬರು. ಮೊದಲು ಹೋಗಿದ್ದ ಅಟೆಂಡರ್ ಹೊರಗೆ ಬಂದು, "ಸುಲಭ ಕಣಮ್ಮ, ಅವರದೇ ಬಿ.ಪಿ. ನೋಡೋಕೆ ಹೇಳ್ತಾರೆ. ನೂರಿಪ್ಪತ್ತು ಎಂಬತ್ತು ಅಂದುಬಿಟ್ಟೆ," ಎಂದರು. ಎರಡನೆಯವಳೂ ಮೂರನೆಯವಳೂ ಹಾಗೇ ಹೇಳಿ ಬಂದರು.

ಒಳಗೆ ಹೋದೆ. ಪಟ್ಟಿ ಸುತ್ತಿ, ಗಾಳಿ ಒತ್ತಿ, ಕಿವಿಗೆ ಸ್ಟೆಥೋಸ್ಕೋಪ್ ಇಟ್ಟೆ. ನೂರ ತೊಂಬತ್ತು, ನೂರ ಹತ್ತು. ನಾನೇ ತಪ್ಪಾಗಿ ಕೇಳಿಸಿಕೊಂಡೆ ಎಂದು ಅವರ ಇನ್ನೊಂದು ಕೈಗೆ ಸುತ್ತಿ ನೋಡಿದೆ. ನೂರ ತೊಂಬತ್ತಾರು.

ಇದ್ದದ್ದು ಹೇಳಿದರೆ, ಮೂರು ಜನ ನೂರಿಪ್ಪತ್ತು ಎಂದಿರುವಾಗ ಇವಳಿಗೆ ನೋಡಲೇ ಬರುವುದಿಲ್ಲ ಎಂದು ಸಿ ಬರೆಯುತ್ತಾರೆ. ನೂರಿಪ್ಪತ್ತು ಎಂದರೆ ಈ ಮನುಷ್ಯ ಮೈಸೂರು ಮುಟ್ಟುತ್ತಾರೋ ಇಲ್ಲವೋ. ಪಟ್ಟಿ ಬಿಚ್ಚಿದೆ.

"ಎಷ್ಟಮ್ಮ?"

"ನೂರ ತೊಂಬತ್ತು, ನೂರ ಹತ್ತು ಸಾರ್."

ಅವರು ಪೆನ್ನು ಎತ್ತಿದರು. "ತಪ್ಪು. ಎಲ್ಲರೂ ನೂರಿಪ್ಪತ್ತು ಅಂದಿದಾರೆ."

"ಸಾರ್, ತಲೆ ನೋಯ್ತಾ ಇದ್ಯಾ?"

ಪೆನ್ನು ನಿಂತಿತು. "ಬೆಳಗ್ಗಿಂದ."

"ಬಿ.ಪಿ. ಮಾತ್ರೆ ತಗೊಳ್ತೀರಾ?"

"ತಗೊಳ್ತೀನಿ. ಟೂರಲ್ಲಿ ಮೂರು ದಿನದಿಂದ ಮರ್ತಿದೀನಿ."

ಆಮೇಲೆ ನನಗೆ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. "ಏಳ್ಬೇಡಿ, ಮಾತಾಡ್ಬೇಡಿ," ಎಂದು ಟೈ ಸಡಿಲಿಸಿ, ಅಲ್ಲೇ ಇದ್ದ ಮಂಚದ ಮೇಲೆ ಮಲಗಿಸಿ, ಹೆಡ್ ಸಿಸ್ಟರನ್ನು ಕೂಗಿದೆ. ಡಾಕ್ಟರ್ ಓಡಿ ಬಂದು ನೋಡಿ, ಅಡ್ಮಿಟ್ ಮಾಡಿ ಎಂದರು. ಅಟೆಂಡರ್ ಟ್ರಾಲಿ ತಂದರು. ಬೆಂಚಿನ ಮೇಲಿದ್ದವರ ಕಣ್ಣೆದುರೇ ಪರೀಕ್ಷೆ ಮಾಡಲು ಬಂದ ಅಧಿಕಾರಿ ಮಲಗಿಕೊಂಡು ಹೊರಗೆ ಹೋದರು. ಹಿಂದೆಯೇ ನಾನು ಬಂದೆ.

ಐದನೆಯ ನಂಬರಿನವಳು ಬಿಳಿಚಿಕೊಂಡು ನನ್ನ ಸೆರಗು ಹಿಡಿದಳು. "ಅಕ್ಕ, ಏನು ಕೇಳಿದ್ರು? ನೀವು ಏನು ಉತ್ತರ ಹೇಳಿದ್ರಿ?"

ಮಾರನೆಯ ದಿನ ಬೆಳಿಗ್ಗೆ ಅಧಿಕಾರಿ ನನ್ನನ್ನು ಮಂಚದ ಬಳಿ ಕರೆಸಿದರು. ಮಾತ್ರೆ, ನಿದ್ದೆ ಎರಡೂ ಸಿಕ್ಕು ಮುಖದ ಕೆಂಪು ಇಳಿದಿತ್ತು. ಫಾರಂ ತೋರಿಸಿದರು. ನನ್ನ ಹೆಸರಿನ ಮುಂದೆ ಬಿ ಎಂದಿತ್ತು. ವಯಸ್ಸಿನ ಕಾಲಂ ಮೇಲೆ ಅಡ್ಡಗೆರೆ ಎಳೆದಿದ್ದರು. "ನಾನು ನಿಮಗೆ ತಪ್ಪು ಅಂದೆ. ನೀವು ಬಿಡ್ಲಿಲ್ಲ, ಒಳ್ಳೇದಾಯ್ತು," ಎಂದರು. ನಾನು ಹೊರಗೆ ಬಂದು ಬಟ್ಟೆ ಇಡುವ ಲಿನನ್ ರೂಮಿನಲ್ಲಿ ಒಂದು ನಿಮಿಷ ಅತ್ತುಬಿಟ್ಟೆ. ಆಮೇಲೆ ಮನೆಗೆ ಫೋನ್ ಮಾಡಿದೆ. ಮೊದಲ ಮೂವರಿಗೆ ಹೆಡ್ ಸಿಸ್ಟರ್ ಒಂದು ವಾರ ಬಿ.ಪಿ. ನೋಡುವ ಪಾಠ ಮಾಡುವುದು, ಆಮೇಲೆ ಮರುಪರೀಕ್ಷೆ ಎಂದಾಯಿತು.

ಉಳಿದದ್ದು ನಾಲ್ಕು ಜನ. ರಿಪೋರ್ಟು ಅವತ್ತೇ ಕಳಿಸಬೇಕಾಗಿದ್ದರಿಂದ ಅಧಿಕಾರಿ ಮಲಗಿದ್ದಲ್ಲಿಂದಲೇ ಪರೀಕ್ಷೆ ಮುಗಿಸುತ್ತೇನೆ ಎಂದರು. ಆಗ ಅವರ ಬಿ.ಪಿ. ನೂರ ಮೂವತ್ತು, ಎಂಬತ್ತು. ನಾನೇ ಐದು ನಿಮಿಷದ ಹಿಂದೆ ನೋಡಿ ಚಾರ್ಟಿನಲ್ಲಿ ಬರೆದು, ಚಾರ್ಟನ್ನು ಸಿಸ್ಟರ್ ಟೇಬಲ್ಲಿಗೆ ಕೊಟ್ಟಿದ್ದೆ, ಅವರಿಗೆ ಹೇಳಿರಲಿಲ್ಲ. ಆದರೆ ಸರಿ ಉತ್ತರ ಯಾವುದು ಎಂಬ ಸುದ್ದಿ ರಾತ್ರಿಯೇ ನಾಲ್ವರಿಗೂ ಮುಟ್ಟಿತ್ತು.

ಮೊದಲನೆಯವಳು ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಖ ಸಪ್ಪಗೆ ಮಾಡಿಕೊಂಡು, "ನೂರ ತೊಂಬತ್ತು, ನೂರ ಹತ್ತು ಸಾರ್. ಏಳ್ಬೇಡಿ," ಎಂದಳು. ಅಧಿಕಾರಿ ದಿಂಬಿನಿಂದ ತಲೆ ಎತ್ತಿದರು. ಎರಡನೆಯವಳೂ ಅದನ್ನೇ ಹೇಳಿ, ಕೇಳದೆಯೇ ಅವರ ಶರಟಿನ ಗುಂಡಿ ಬಿಚ್ಚಿದಳು. ಅವರು ಬೆವರತೊಡಗಿದರು. ಮೂರನೆಯವನು ನೂರ ತೊಂಬತ್ತು ಎಂದವನೇ ಟ್ರಾಲಿ ತರಲು ಓಡಿದ.

ನಾಲ್ಕನೆಯವಳು ನೋಡಿ ನೂರ ತೊಂಬತ್ತು, ನೂರ ಹತ್ತು ಎಂದಾಗ ಹೆಡ್ ಸಿಸ್ಟರಿಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಪಟ್ಟಿ ಕಿತ್ತುಕೊಂಡು ತಾವೇ ನೋಡಿದರು. ಇಷ್ಟು ಹೊತ್ತಿಗೆ ಅವರ ಬಿ.ಪಿ. ನಿಜವಾಗಿಯೂ ನೂರ ತೊಂಬತ್ತು ಮುಟ್ಟಿತ್ತು.